ಬಲ್ಬು ಆರಿಸಿ ಅಂತ ಯಾರಿಗೆ ಹೇಳ್ತಿದ್ದೀರ ಸ್ವಾಮಿ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣೀಲಿ ಮನೆಯ ಕಾರ್ಬನ್ ಫುಟ್‌ಪ್ರಿಂಟ್, ಅಂದ್ರೆ ನಮ್ಮ ಬಳಕೆಯಿಂದ ಗಾಳಿಗೆ ಸೇರೋ ಕಾರ್ಬನ್ ಡೈಆಕ್ಸೈಡಿನ ಲೆಕ್ಕ, ಇಳಿಸೋಕೆ ಹತ್ತು ಸೂತ್ರ ಅಂತ ಹಾಕಿದ್ರಲ್ಲ, ಪಕ್ಕದಲ್ಲಿ ಹಸಿರು ಎಲೆ ಚಿತ್ರ ಬೇರೆ, ಅದನ್ನ ಓದಿ ತಡಕೊಳ್ಳೋಕಾಗ್ದೆ ಬರೀತಿದ್ದೀನಿ. ಮೊಬೈಲಲ್ಲಿ ಟೈಪ್ ಮಾಡ್ತಿರೋದು, ತಪ್ಪುಒಪ್ಪು ಇದ್ರೆ ತಿದ್ಕೊಳ್ಳಿ, ಉದ್ದ ಆದ್ರೆ ಕತ್ತರಿಸ್ಕೊಳ್ಳಿ, ಆದ್ರೆ ಲೆಕ್ಕ ಇರೋ ಜಾಗ ಮಾತ್ರ ಮುಟ್ಬೇಡಿ.

ನಾನು ಮೂವತ್ತು ವರ್ಷದ ಮೇಲೆ ಬೆಂಗಳೂರಲ್ಲಿ ಮೀಟರ್ ರೀಡರ್ ಆಗಿದ್ದೋನು, ಈಗ ರಿಟೈರ್ಡು. ನಾನು ಸೇರಿದಾಗ ಕರೆಂಟ್ ಇಲಾಖೆ ಹೆಸರು ಕೆಇಬಿ, 1999ರಲ್ಲಿ ಕೆಪಿಟಿಸಿಎಲ್ ಆಯ್ತು, 2002ರಲ್ಲಿ ಬೆಸ್ಕಾಂ ಆಯ್ತು, ಜನ ಮಾತ್ರ ಕೊನೇ ದಿನದ ತನಕ "ಕೆಇಬಿಯೋರು ಬಂದ್ರು ಗೇಟ್ ತೆಗಿ" ಅಂತಾನೇ ಅಂತಿದ್ರು. ಮೊದಲು ಸೈಕಲ್ಲು, ಕೈಯಲ್ಲೊಂದು ಲೆಡ್ಜರು, ಆಮೇಲೆ ಮೊಪೆಡ್ಡು, ಹೆಗಲಿಗೆ ಸ್ಪಾಟ್ ಬಿಲ್ಲಿಂಗ್ ಮಷೀನು. ಜನರ ಆಸ್ತಿ ಎಷ್ಟು ಅಂತ ತಿಳ್ಕೊಳ್ಳೋಕೆ ಇನ್‌ಕಂ ಟ್ಯಾಕ್ಸ್‌ನೋರಿಗೆ ರೈಡ್ ಮಾಡ್ಬೇಕು, ನಮಗೆ ಮೀಟರ್ ನೋಡಿದ್ರೆ ಸಾಕಿತ್ತು. ಯಾರ ಮಗ ಅಮೆರಿಕಕ್ಕೆ ಹೋದ, ಯಾರ ಮನೇಲಿ ಎಸಿ ಹಾಕಿಸಿದ್ರು, ಯಾರ ಅಂಗಡಿ ಮುಳುಗ್ತು, ಎಲ್ಲಾ ಆ ಡಬ್ಬದೊಳಗಿನ ನಂಬರಲ್ಲಿ ಎರಡು ತಿಂಗಳಲ್ಲಿ ಗೊತ್ತಾಗ್ಬಿಡೋದು.

ಅದಕ್ಕೇ ನಿಮ್ಮ ಹತ್ತು ಸೂತ್ರದಲ್ಲಿ ಮೊದಲನೇದು ಓದಿ ನಗು ಬಂತು. "ಬಳಸದಿರುವಾಗ ಬಲ್ಬು, ಫ್ಯಾನು ಆರಿಸಿ." ನಮ್ಮನೆ ಕೆಲಸಕ್ಕೆ ಬರೋ ಹೆಣ್ಮಗಳು ಪಾತ್ರೆ ತೊಳೀತಿದ್ಲು, ಆಕೆಗೂ ಗಟ್ಟಿಯಾಗಿ ಓದಿ ಹೇಳ್ದೆ. ರಾಯಚೂರು ಕಡೆಯೋಳು, ಗಂಡ ಗಾರೆ ಕೆಲಸ, ಮೂರು ಮಕ್ಕಳು, ಲೇಔಟ್ ಹಿಂದಿನ ಶೀಟ್ ಮನೇಲಿ ಬಾಡಿಗೆಗಿದ್ದಾರೆ. ಕೈ ಒರೆಸ್ಕೊಂಡು ಅಂದ್ಲು, "ನಮ್ಮನ್ಯಾಗ ಇರಾವ ಎರಡ ಬಲ್ಬ್ ಒಂದ ಫ್ಯಾನ್ ರೀ ಅಣ್ಣಾರ, ಯಾವ್ದು ಆರ್ಸ್ಲಿ ಹೇಳ್ರಿ." ನನ್ ಹತ್ರ ಉತ್ತರ ಇರ್ಲಿಲ್ಲ. ಎರಡನೇ ಸೂತ್ರ, ಹತ್ತಿರದ ಜಾಗಕ್ಕೆ ನಡೆದು ಹೋಗಿ. ಅದನ್ನ ಓದ್ಲೇ ಇಲ್ಲ, ಆಕೆ ನಡ್ಕೊಂಡೇ ಬಂದಿದ್ದು.

ಸರಿ, ಲೆಕ್ಕಕ್ಕೆ ಬರೋಣ. ನಮ್ಮ ದೇಶದ ಗ್ರಿಡ್ಡಲ್ಲಿ ಕಲ್ಲಿದ್ದಲಿನ ಕರೆಂಟೇ ಜಾಸ್ತಿ ಇರೋದ್ರಿಂದ, ಸೋಲಾರು, ಗಾಳಿ, ನೀರು ಎಲ್ಲಾ ಸೇರಿಸಿ ಸರಾಸರಿ ತೆಗೆದ್ರೂ ಒಂದು ಯೂನಿಟ್ಟಿಗೆ ಸುಮಾರು 0.7 ಕೆಜಿ ಕಾರ್ಬನ್ ಡೈಆಕ್ಸೈಡ್ ಬರುತ್ತೆ, ಇನ್ಮುಂದೆ ಅದನ್ನೇ ಸುಮ್ನೆ ಕಾರ್ಬನ್ ಅಂತೀನಿ. ಕೇಂದ್ರ ವಿದ್ಯುತ್ ಪ್ರಾಧಿಕಾರದೋರು ವರ್ಷಾ ವರ್ಷ ಈ ಅಂಕಿ ಕೊಡ್ತಾರೆ, ಸ್ವಲ್ಪ ಆಚೀಚೆ ಆಗುತ್ತೆ ಅಷ್ಟೇ. ಆ ಹೆಣ್ಮಗಳ ಬಿಲ್ಲು ತರಿಸಿ ನೋಡ್ದೆ, ತಿಂಗಳಿಗೆ ಸರಾಸರಿ 38 ಯೂನಿಟ್. ಅಂದ್ರೆ ವರ್ಷಕ್ಕೆ 456 ಯೂನಿಟ್, ಸುಮಾರು 320 ಕೆಜಿ ಕಾರ್ಬನ್, ಐದು ಜನಕ್ಕೆ ಹಂಚಿದ್ರೆ ತಲೆಗೆ 64 ಕೆಜಿ. ಇನ್ನು ಆಕೆ ಕೆಲಸ ಮಾಡೋ ಇನ್ನೊಂದು ಮನೆ, ನಾನೇ ವರ್ಷಗಟ್ಟಲೆ ರೀಡಿಂಗ್ ತಗೊಂಡ ಮನೆ, ತಿಂಗಳಿಗೆ 620 ಯೂನಿಟ್ಟಿನ ಸುತ್ತಮುತ್ತ ಓಡೋದು, ಇರೋದು ಮೂರೇ ಜನ. ವರ್ಷಕ್ಕೆ 5,208 ಕೆಜಿ, ತಲೆಗೆ 1,736. ಭಾಗಿಸಿ ನೋಡಿ, 27 ಪಟ್ಟು. ಎರಡೂ ಮನೆಗೆ ಮಧ್ಯ ಇರೋ ದೂರ ಎಷ್ಟು ಗೊತ್ತಾ, ಒಂದು ಪಾರ್ಕು, ಒಂದು ರಾಜಕಾಲುವೆ. ನನ್ ಬೀಟಲ್ಲಿ ಒಂದೇ ಬೆಳಿಗ್ಗೆ ಎರಡೂ ಮುಗೀತಿತ್ತು.

ಈಗ ಈ ಎರಡೂ ಮನೆಯೋರು ನಿಮ್ಮ ಪೇಪರ್ ಓದಿದ್ರು ಅಂತಿಟ್ಕೊಳ್ಳಿ, ಇಬ್ರೂ ಒಂದೊಂದು ಬಲ್ಬು ಆರಿಸಿದ್ರು. ಏನಾಗುತ್ತೆ? ಒಂದೂವರೆ ಟನ್ ಎಸಿ ಒಂದು ರಾತ್ರಿಗೆ ಎಂಟು ಹತ್ತು ಯೂನಿಟ್ ಕುಡಿಯುತ್ತೆ. ಒಂಬತ್ತು ಅಂತ ಹಿಡೀರಿ. ಅದೇ ಒಂಬತ್ತು ಯೂನಿಟ್ಟಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬು ಸಾವಿರ ಗಂಟೆ ಉರಿಯುತ್ತೆ, ದಿನಕ್ಕೆ ಐದು ಗಂಟೆ ಲೆಕ್ಕದಲ್ಲಿ 200 ದಿನ. ಅವರ ಒಂದು ರಾತ್ರಿ ನಿದ್ದೆ, ಇವಳ ಮಕ್ಕಳ ಆರೂವರೆ ತಿಂಗಳ ಹೋಂವರ್ಕು. 2024ರ ಏಪ್ರಿಲಲ್ಲಿ ಬೆಂಗಳೂರು 38 ಡಿಗ್ರಿ ದಾಟಿತ್ತಲ್ಲ, ಆಗ ಶೀಟ್ ಮನೆ ಒಳಗೆ ಒಂದು ಹತ್ತು ನಿಮಿಷ ಕೂತು ಬನ್ನಿ ಅಂತ ನಿಮ್ಮ ಸೂತ್ರ ಬರೆದೋರಿಗೆ ಹೇಳ್ಬೇಕು ಅನ್ಸಿತ್ತು. ಆ ಫ್ಯಾನು ಆರಿಸೋದಲ್ಲ, ಇನ್ನೊಂದು ಫ್ಯಾನ್ ಬೇಕು ಅಲ್ಲಿ.

ಗ್ಯಾಸಿನ ವಿಷಯದಲ್ಲಿ ನೋಡಿ, ಇಷ್ಟು ವ್ಯತ್ಯಾಸ ಇಲ್ಲ. 14.2 ಕೆಜಿಯ ಒಂದು ಸಿಲಿಂಡರ್ ಪೂರ್ತಿ ಉರಿಸಿದ್ರೆ 42 ಕೆಜಿ ಆಸುಪಾಸು ಕಾರ್ಬನ್. ಅವಳ ಮನೆಗೆ ವರ್ಷಕ್ಕೆ ಆರು ಸಿಲಿಂಡರ್, ಆ ಮನೆಗೆ ಒಂಬತ್ತು. ಸುಮಾರು 250 ಕೆಜಿ ಇಲ್ಲಿ, 380 ಅಲ್ಲಿ. ಅನ್ನ ಸಾರು ಎಲ್ಲರೂ ಬೇಯಿಸ್ಲೇಬೇಕಲ್ಲ, ಶ್ರೀಮಂತರಿಗೇನು ಹೊಟ್ಟೆ ಎರಡಿರುತ್ತಾ. ಹೊಟ್ಟೆಗೆ ಬೇಕಾದ ಕಾರ್ಬನ್ ಎಲ್ಲರದ್ದೂ ಹೆಚ್ಚುಕಮ್ಮಿ ಒಂದೇ, ಅದರ ಮೇಲಿಂದ ಶುರುವಾಗೋ ಸುಖದ್ದು, ಓಡಾಟದ್ದು ಇದೆಯಲ್ಲ, ಅಲ್ಲಿ ದುಡ್ಡು ಇದ್ದೋನ ಲೆಕ್ಕ ಎಲ್ಲೋ ಹೋಗ್ಬಿಡುತ್ತೆ. ಒಂದು ಲೀಟರ್ ಪೆಟ್ರೋಲಿಗೆ 2.3 ಕೆಜಿ. ವರ್ಷಕ್ಕೆ ಹತ್ತು ಸಾವಿರ ಕಿಲೋಮೀಟರ್ ಓಡೋ ಕಾರು, ಲೀಟರಿಗೆ 15 ಕೊಟ್ರೂ, ಒಂದೂವರೆ ಟನ್. ಆ ಮನೇಲಿ ಎರಡು ಕಾರು. ಇವಳು 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಸ್ಸಲ್ಲಿ ಓಡಾಡ್ತಾಳೆ, ಅದಕ್ಕೆ ಮುಂಚೆ ಅದೂ ಇಲ್ಲ, ನಡಿಗೆ.

ಮನೆ ಮೀಟರಿಗೆ ಬೀಳದೇ ಇರೋ ಲೆಕ್ಕ ಇನ್ನೊಂದಿದೆ, ಇದು ನಮ್ಮಂಥೋರಿಗೆ ಮಾತ್ರ ಕಣ್ಣಿಗೆ ಬೀಳೋದು. ಅಪಾರ್ಟ್‌ಮೆಂಟಲ್ಲಿ ಪ್ರತಿ ಫ್ಲ್ಯಾಟಿಗೂ ಒಂದೊಂದು ಆರ್‌ಆರ್ ನಂಬರ್, ಅಂದ್ರೆ ಕರೆಂಟ್ ಕನೆಕ್ಷನ್ ನಂಬರ್, ಇರುತ್ತೆ, ಅದಲ್ಲದೆ ಕಾಮನ್ ಏರಿಯಾಗೆ ಬೇರೆ ಮೀಟರು. ಲಿಫ್ಟು, ಬೇಸ್‌ಮೆಂಟ್ ಲೈಟು, ನೀರಿನ ಪಂಪು, ಕೊಳಚೆ ನೀರು ಶುದ್ಧ ಮಾಡೋ ಎಸ್‌ಟಿಪಿ, ಜಿಮ್ಮು, ಎಲ್ಲಾ ಅದರಲ್ಲಿ. ಕರೆಂಟ್ ಹೋದ್ರೆ ಡೀಸೆಲ್ ಜನರೇಟರ್ರು, ಅದರ ಡೀಸೆಲ್ಲು ಮೆಂಟೆನೆನ್ಸ್ ದುಡ್ಡಲ್ಲಿ ಸೇರ್ಕೊಂಡು ಹೋಗುತ್ತೆ. "ನಮ್ದು ಬರೀ 200 ಯೂನಿಟ್, ನಾವು ಪರಿಸರಪ್ರೇಮಿಗಳು" ಅನ್ನೋ ಫ್ಲ್ಯಾಟಿನೋರ ಲೆಕ್ಕಕ್ಕೆ ಇದನ್ನ ಯಾರೂ ಸೇರಿಸಲ್ಲ. ಇನ್ನು ನೀರು. ಕಾವೇರಿ ನೀರನ್ನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಐನೂರು ಮೀಟರ್ ಎತ್ತರಕ್ಕೆ, ಮೂರು ಕಡೆ ಪಂಪ್ ಮಾಡಿ ಬೆಂಗಳೂರಿಗೆ ಎತ್ತುತಾರೆ. ಅಂದ್ರೆ ನಲ್ಲಿ ತಿರುಗಿಸಿದ್ರೆ ಬರೋದು ನೀರು ಒಂದೇ ಅಲ್ಲ, ಕರೆಂಟೂ ಹರೀತಿದೆ ಅದರಲ್ಲಿ. ಪೈಪ್ ಹಿಡ್ಕೊಂಡು ಕಾರು ತೊಳೆಯೋ ಮನೆಗೂ, ಬೀದಿ ನಲ್ಲೀಲಿ ಎಂಟು ಬಿಂದಿಗೆ ಹಿಡಿಯೋ ಮನೆಗೂ ಅದರಲ್ಲಿ ಎಷ್ಟೆಷ್ಟು ಪಾಲು ಅಂತ ನೀವೇ ಹೇಳಿ.

ಇದು ನಾನೊಬ್ಬ ಹಳೇ ಮೀಟರ್ ರೀಡರ್ ಹೇಳೋ ಮಾತಲ್ಲ. 2007ರಲ್ಲೇ ಗ್ರೀನ್‌ಪೀಸ್ ಇಂಡಿಯಾದೋರು ಸರ್ವೆ ಮಾಡಿ, ತಿಂಗಳಿಗೆ 30 ಸಾವಿರದ ಮೇಲೆ ದುಡಿಯೋರ ಕಾರ್ಬನ್ನು 3 ಸಾವಿರದ ಕೆಳಗಿರೋರ ನಾಲ್ಕೂವರೆ ಪಟ್ಟು ಅಂತ ತೋರಿಸಿದ್ರು. ಆಮೇಲೆ 2021ರಲ್ಲಿ ಜಪಾನಿನ ಕ್ಯೋಟೋದಲ್ಲಿರೋ ಸಂಶೋಧಕರು ನಮ್ಮ ಸರ್ಕಾರದ್ದೇ 2011-12ರ ಮನೆಖರ್ಚಿನ ಸರ್ವೆ ತಗೊಂಡು, ಎರಡು ಲಕ್ಷಕ್ಕೂ ಮೇಲೆ ಮನೆಗಳದ್ದು, 600ಕ್ಕೂ ಹೆಚ್ಚು ಜಿಲ್ಲೆಗಳದ್ದು ಲೆಕ್ಕ ಹಾಕಿದ್ರು, ಜಾಸ್ತಿ ಖರ್ಚು ಮಾಡೋ ಮನೇಲಿ ತಲೆಗೆ ಬೀಳೋ ಕಾರ್ಬನ್ನು ಕಡುಬಡವರದ್ದಕ್ಕಿಂತ ಸುಮಾರು ಏಳು ಪಟ್ಟು. ಅದರಲ್ಲಿ ನನಗೆ ತುಂಬಾ ಹಿಡಿಸಿದ ಮಾತು ಬೇರೆ. ದೇಶದ ಕಡುಬಡವರೆಲ್ಲರನ್ನೂ ಆ ಬಡತನದಿಂದ ಮೇಲೆತ್ತಿದ್ರೆ ಕಾರ್ಬನ್ ಜಾಸ್ತಿ ಆಗೋದು ನೂರಕ್ಕೆ ಎರಡರಷ್ಟು ಮಾತ್ರವಂತೆ, ಎಲ್ಲರನ್ನೂ ಮಧ್ಯಮ ವರ್ಗಕ್ಕೆ ತಂದ್ರೆ ನೂರಕ್ಕೆ ಹತ್ತು. ಎರಡು! ಬಡವರೆಲ್ಲಾ ಫ್ರಿಡ್ಜು, ಗ್ಯಾಸು ಅಂತ ತಗೊಂಡ್ರೆ ಭೂಮಿ ಗತಿ ಏನು ಅಂತ ಕ್ಲಬ್ಬಲ್ಲಿ ಕೂತು ಕೊರಗೋರಿದ್ದಾರಲ್ಲ, ಅವರಿಗೆ ಈ ಎರಡು ಅನ್ನೋ ಅಂಕಿ ಹಚ್ಚೆ ಹಾಕಿಸ್ಬೇಕು. ಡೇಟಾ ಹಳೇದು ನಿಜ, ಉಜ್ವಲ ಬರೋಕೆ ಮುಂಚಿನದು, ಎಲ್‌ಇಡಿ ಎಲ್ಲಾ ಕಡೆ ಬರೋಕೆ ಮುಂಚಿನದು. ಆದ್ರೂ ಆವತ್ತಿಂದ ಇವತ್ತಿಗೆ ಮೇಲಿನೋರ ಮನೇಲಿ ಏನೇನು ಸೇರ್ಕೊಂಡಿದೆ ಅಂತ ನಾನು ಕಣ್ಣಾರೆ ನೋಡಿದ್ದೀನಿ, ಬೆಡ್‌ರೂಮಿಗೊಂದು ಎಸಿ ಅನ್ನೋದು ನಾನು ಕೆಲಸಕ್ಕೆ ಸೇರಿದಾಗ ಡಾಕ್ಟರ್ ಮನೇಲೂ ಇರ್ಲಿಲ್ಲ.

ಊರಿನ ಕಥೆ ಹೇಳ್ತೀನಿ. ನಮ್ಮದು ಸಿರಾ ತಾಲೂಕು. ನಮ್ಮಕ್ಕ ಅಲ್ಲೇ ಇದ್ದಾಳೆ, ಎಪ್ಪತ್ತರ ಹತ್ರ ವಯಸ್ಸು. ಉಜ್ವಲ ಯೋಜನೇಲಿ ಸಿಲಿಂಡರ್ ಬಂದಿದೆ, ಒಲೆ ಪಕ್ಕದಲ್ಲೇ ಕೆಂಪಗೆ ನಿಂತಿದೆ, ಅದರ ಮೇಲೊಂದು ಪ್ಲಾಸ್ಟಿಕ್ ಹೂವಿನ ಬಟ್ಟೆ ಹೊದಿಸಿದ್ದಾಳೆ. ಹೋದಾಗೆಲ್ಲಾ ಕೇಳ್ತೀನಿ, ಯಾಕಕ್ಕ ಇನ್ನೂ ಸೌದೆ ಅಂತ. "ನೀವು ಬಂದ್ರೆ ಕಾಪಿ ಕಾಯ್ಸಾಕೆ ಗ್ಯಾಸು ಕಣಪ್ಪ, ಮುದ್ದೆಗೆ ನೀರಿಗೆ ಒಲೇನೇ, ಜಾಲಿ ಮುಳ್ಳು ಬೇಲೀಲಿ ಬಿಟ್ಟಿ ಐತೆ, ಗ್ಯಾಸಿಗೆ ಎರಡು ದಿನದ ಕೂಲಿ." ಬಳ್ಳಾರಿ ಜಾಲಿ, ಕಡಿದಷ್ಟೂ ಚಿಗುರೋ ಮರ. ಪುಸ್ತಕದ ಲೆಕ್ಕದಲ್ಲಿ ಕಡಿದಷ್ಟೂ ಬೆಳೆಯೋ ಸೌದೆ ಸುಟ್ರೆ ಕಾರ್ಬನ್ ಸೊನ್ನೆ ಅಂತಾರೆ, ಅಂದ್ರೆ ನಮ್ಮಕ್ಕ ನಿಮ್ಮ ಹತ್ತು ಸೂತ್ರದ ಪರೀಕ್ಷೇಲಿ ಫಸ್ಟ್ ಕ್ಲಾಸ್. ಅವಳ ಕೆಮ್ಮಿಗೆ ಮಾರ್ಕ್ಸ್ ಕೊಡೋ ಕಾಲಮ್ಮು ಆ ಪರೀಕ್ಷೇಲಿ ಇಲ್ಲ. ಅಡುಗೆಮನೆ ಸೂರು ಟಾರ್ ಬಳಿದ ಹಾಗಿದೆ. ಅವಳು ವರ್ಷಕ್ಕೆ ಮೂರು ಸಿಲಿಂಡರ್ ಬದಲು ಎಂಟು ಉರಿಸಿದ್ರೆ ದೇಶದ ಲೆಕ್ಕಕ್ಕೆ 200 ಕೆಜಿ ಸೇರುತ್ತೆ. ಸೇರ್ಲಿ ಅಂತೀನಿ ನಾನು. ಇಂಥ ಕಡೆ ಜಾಸ್ತಿ ಆಗ್ಲೇಬೇಕು.

ಅಂದಹಾಗೆ ಈ ಮನೆಮನೆ ಲೆಕ್ಕ ನಮ್ಮ ಜಿಲ್ಲೆಗೆ ಹೊಸದೇನಲ್ಲ. ಬೆಂಗಳೂರಿನ ವಿಜ್ಞಾನ ಸಂಸ್ಥೆ ಐಐಎಸ್ಸಿಯೋರು 1974ರಲ್ಲಿ ಹಳ್ಳಿಗೆ ಬೇಕಾದ ತಂತ್ರಜ್ಞಾನಕ್ಕೆ ಅಂತ ಅಸ್ತ್ರ ಅನ್ನೋ ಒಂದು ಕೇಂದ್ರ ಶುರು ಮಾಡಿದ್ರು, ಪ್ರೊಫೆಸರ್ ಅಮೂಲ್ಯ ರೆಡ್ಡಿಯವರ ಮುಂದಾಳತ್ವ, ಕುಣಿಗಲ್ ತಾಲೂಕಿನ ಉಂಗ್ರದಲ್ಲಿ ಅದರ ಕೆಲಸ ನಡೀತಿತ್ತು. ಪಕ್ಕದ ಪುರ ಅನ್ನೋ ಹಳ್ಳೀಲಿ ಯಾರ ಮನೇಲಿ ಎಷ್ಟು ಸೌದೆ ಉರಿಯುತ್ತೆ, ಹೆಂಗಸರು ಮಕ್ಕಳು ಸೌದೆ ನೀರು ಅಂತ ದಿನಕ್ಕೆ ಎಷ್ಟು ಗಂಟೆ ನಡೀತಾರೆ ಅಂತ ತೂಕ ಹಾಕಿ, ಗಡಿಯಾರ ಹಿಡಿದು ಬರ್ಕೊಂಡ್ರು. ಅಲ್ಲಿಂದಾನೇ ಮೂರು ಪಾತ್ರೆ ಇಡೋ ಅಸ್ತ್ರ ಒಲೆ ಬಂತು, ಹೊಗೆ ಚಿಮಣಿಯಿಂದ ಆಚೆ ಹೋಗೋದು, ಸೌದೆ ಕಮ್ಮಿ ಸಾಕಾಗೋದು. ಊರ ಸಗಣಿ ಒಟ್ಟು ಮಾಡಿ ಗ್ಯಾಸ್ ಮಾಡಿ ಅದರಿಂದ ಲೈಟು, ನೀರಿನ ಪಂಪು ಓಡಿಸಿದ್ರು 80ರ ದಶಕದಲ್ಲಿ. ಅವರು ಬಡವರ ಮನೆಗೆ ಹೋಗಿ ಕಮ್ಮಿ ಮಾಡ್ಕೊಳ್ಳಿ ಅಂತ ಹೇಳ್ಲಿಲ್ಲ, ನಿಮಗೆ ಏನು ಸಾಲ್ತಿಲ್ಲ ಅಂತ ಕೇಳಿದ್ರು. ನಿಮ್ಮ ಪುರವಣಿಯೋರು ಆ ಕಾಲದ ವರದಿಗಳನ್ನ ಒಂದ್ಸಲ ತಿರುವಿ ಹಾಕಿದ್ರೆ ಒಳ್ಳೇದು.

ಇಷ್ಟೆಲ್ಲಾ ಮಾತಾಡ್ತೀಯಲ್ಲ ನಿಂದೇನಪ್ಪ ಅಂತ ಯಾರಾದ್ರೂ ಕೇಳೋಕೆ ಮುಂಚೆ ನಾನೇ ಹೇಳ್ಬಿಡ್ತೀನಿ. ಮಗಳು ಕ್ಯಾಲಿಫೋರ್ನಿಯಾದಲ್ಲಿದ್ದಾಳೆ. ನಾನೂ ನಮ್ಮನೆಯೋರೂ ಹೋಗಿಬಂದ್ವಿ. ಅಲ್ಲಿಗೆ ಹೋಗಿ ಬರೋಕೆ ಒಬ್ಬರ ಪಾಲಿಗೆ ಎರಡು ಟನ್ನಿನ ಮೇಲೆ ಕಾರ್ಬನ್. ಫ್ಯಾಕ್ಟರಿ, ಸಿಮೆಂಟು, ಸರ್ಕಾರ ಎಲ್ಲಾ ಸೇರಿಸಿ ಹಂಚಿದ್ರೆ ಭಾರತದಲ್ಲಿ ಒಬ್ಬ ಮನುಷ್ಯನ ಪಾಲಿಗೆ ಒಂದು ವರ್ಷಕ್ಕೆ ಬರೋದೇ ಎರಡು ಟನ್ ಆಸುಪಾಸು. ಅಂದ್ರೆ ಕಿಟಕಿ ಪಕ್ಕ ಕೂತು ಮೋಡ ನೋಡಿದ ಎರಡು ಪಯಣಕ್ಕೆ ಒಂದು ವರ್ಷದ ಕೋಟಾ ಖಾಲಿ. ಆ ಹೆಣ್ಮಗಳ ಇಡೀ ಸಂಸಾರದ ಆರು ವರ್ಷದ ಕರೆಂಟು ಅದು, ನನ್ನೊಬ್ಬನ ಟಿಕೆಟ್ಟಲ್ಲಿ. ವಿಮಾನದಲ್ಲಿ ಈ ಲೆಕ್ಕ ತಲೆಗೆ ಬಂದಿರ್ಲಿಲ್ಲ, ಮೊಮ್ಮಗಳನ್ನ ನೋಡೋ ಖುಷಿ. ಹೋಗಬಾರದು ಅಂತಾನೂ ನಾನು ಹೇಳಲ್ಲ. ಆದ್ರೆ ಬಂದ್ಮೇಲೆ ಬಟ್ಟೆ ಚೀಲ ಹಿಡ್ಕೊಂಡು ತರಕಾರಿಗೆ ಹೋಗಿ ನಾನು ಪರಿಸರ ಕಾಪಾಡ್ತಿದ್ದೀನಿ ಅಂತ ಬೀಗೋದು ಇದೆಯಲ್ಲ, ನಮ್ಮ ವಾಕಿಂಗ್ ಗುಂಪಲ್ಲಿ ಅದು ಬಹಳ, ಅದು ಬೇಡ. ನಾನು ಕೆಲಸಕ್ಕೆ ಸೇರಿದಾಗ ನಮ್ಮ ಮನೆ ಬಿಲ್ಲು 30 ಯೂನಿಟ್ ದಾಟ್ತಿರ್ಲಿಲ್ಲ. ಹೋದ ಮೇ ತಿಂಗಳದ್ದು 312. ಮಧ್ಯ ಏನಾಯ್ತು ಅಂದ್ರೆ ಏನೂ ಇಲ್ಲ, ಸಂಬಳ ಜಾಸ್ತಿ ಆಯ್ತು.

ಈಗ ಸರ್ಕಾರದ ವಿಷಯ. ಗೃಹಜ್ಯೋತಿನ ಬಿಟ್ಟಿ ಭಾಗ್ಯ ಅಂತ ಹೀಯಾಳಿಸೋರ ಪಕ್ಷ ನಂದಲ್ಲ, ಒಂದು ಬಲ್ಬಿನ ಭಾಗ್ಯಜ್ಯೋತಿ ಮನೆಗಳ ಫ್ಯೂಸ್ ಕಿತ್ತು ಬಂದ ಕೈ ಇದು, ಬಿಲ್ ಕಟ್ಟೋಕಾಗದ ಮುಖ ಹೇಗಿರುತ್ತೆ ಅಂತ ಗೊತ್ತು. ಆದ್ರೆ ಆ ಸೂತ್ರ ನೋಡಿ. 200 ಯೂನಿಟ್ ಫ್ರೀ ಅಂತ ಹೆಸರು, ಕೊಡೋದು ಮಾತ್ರ 2022-23ರಲ್ಲಿ ನೀವು ತಿಂಗಳಿಗೆ ಸರಾಸರಿ ಎಷ್ಟು ಸುಟ್ರೋ ಅದರ ಮೇಲೆ ಶೇ 10. ಅಂದ್ರೆ ಆಗ 180 ಸುಟ್ಟೋನಿಗೆ 198 ಫ್ರೀ, 38 ಸುಟ್ಟೋಳಿಗೆ 42 ಫ್ರೀ. ಮಿತವಾಗಿ ಬಳಸಿದ್ದೇ ತಪ್ಪಾಯ್ತಲ್ಲ ಸ್ವಾಮಿ! ಆಮೇಲೆ 2024ರ ಜನವರೀಲಿ 48 ಯೂನಿಟ್ ಒಳಗಿನೋರಿಗೆ ಶೇ 10ರ ಬದಲು 10 ಯೂನಿಟ್ ಅಂತ ತಿದ್ದಿದ್ರು, ಅಷ್ಟರ ಮಟ್ಟಿಗೆ ವಾಸಿ. ಒಂದೇ ಮೀಟರಿನ ಹಿಂದೆ ಆರು ಬಾಡಿಗೆ ಮನೆ ಇರೋ ವಠಾರಗಳ ಗತಿ ನೋಡಿ, ಆರೂ ಮನೆ ಸೇರಿ 200 ದಾಟುತ್ತೆ, ದಾಟಿದ್ರೆ ಪೂರ್ತಿ ಬಿಲ್ಲು, ಓನರ್ ಸಬ್ ಮೀಟರ್ ಇಟ್ಟು ತನಗೆ ಬೇಕಾದ ರೇಟ್ ಹಾಕ್ತಾನೆ. ಮೂರು ಬೆಡ್‌ರೂಮಿನ ಫ್ಲ್ಯಾಟಲ್ಲಿ ಇಬ್ಬರೇ ಇದ್ದು 190 ಸುಡೋ ಮನೆಗೆ ಬಿಲ್ಲು ಸೊನ್ನೆ. ಇದನ್ನ ಯಾರ ಮೇಲೂ ಸಿಟ್ಟಿಗೆ ಹೇಳ್ತಿಲ್ಲ, ಆರ್‌ಆರ್ ನಂಬರ್ ಎಣಿಸಿದ್ರೆ ತಲೆ ಎಣಿಸಿದ ಹಾಗಾಗಲ್ಲ ಅಂತ ಅಷ್ಟೇ.

ಮೇಲಿನೋರಿಗೆ ಇನ್ನೊಂದು ಉಡುಗೊರೆ ಸಿಕ್ತು, ಅದು ಗಲಾಟೆ ಇಲ್ಲದೆ ಆಗೋಯ್ತು. ನಮ್ಮ ಕಾಲದಲ್ಲಿ ಸ್ಲ್ಯಾಬ್ ಇತ್ತು, ಜಾಸ್ತಿ ಸುಟ್ಟಷ್ಟೂ ರೇಟು ಜಾಸ್ತಿ. 2023ರಲ್ಲಿ ಕೂಡ 100 ಯೂನಿಟ್ ಒಳಗೆ 4 ರೂಪಾಯಿ 75 ಪೈಸೆ, ದಾಟಿದ್ರೆ 7 ರೂಪಾಯಿ ಅಂತಿತ್ತು. 2024ರ ಏಪ್ರಿಲ್‌ನಿಂದ ಕರೆಂಟ್ ದರ ನಿಗದಿ ಮಾಡೋ ಆಯೋಗ ಕೆಇಆರ್‌ಸಿ ಸ್ಲ್ಯಾಬ್ ತೆಗೆದು ಮನೆಗಳಿಗೆಲ್ಲಾ ಒಂದೇ ರೇಟು ಮಾಡ್ತು, 5 ರೂಪಾಯಿ 90 ಪೈಸೆ. ಕೆಳಗಿದ್ದ ರೇಟು ಮೇಲೆ ಹೋಯ್ತು, ಮೇಲಿದ್ದದ್ದು ಕೆಳಗೆ ಬಂತು. ಕೆಳಗಿನೋರಿಗೆ ಗೃಹಜ್ಯೋತಿ ಇರೋದ್ರಿಂದ ಬಿಸಿ ತಟ್ಟಲಿಲ್ಲ, ವಠಾರದೋರನ್ನ ಬಿಟ್ಟು. ಆದ್ರೆ 620 ಯೂನಿಟ್ ಮನೆ ಇದೆಯಲ್ಲ, ಅಲ್ಲಿ ನಾಲ್ಕನೇ ಎಸಿ ಹಾಕಿಸೋಕೆ ಯೋಚನೆ ಮಾಡೋನಿಗೆ ಯೂನಿಟ್ಟಿಗೆ 1 ರೂಪಾಯಿ 10 ಪೈಸೆ ಕಮ್ಮಿ ಆಯ್ತು. ನಿಮ್ಮ ಹತ್ತು ಸೂತ್ರ ಒಂದ್ಕಡೆ ಬಲ್ಬು ಆರಿಸಿ ಅನ್ನುತ್ತೆ, ಬಿಲ್ಲು ಇನ್ನೊಂದ್ಕಡೆ ಎಷ್ಟು ಬೇಕಾದ್ರೂ ಸುಡಿ ಅನ್ನುತ್ತೆ, ಜನ ಯಾರ ಮಾತು ಕೇಳ್ತಾರೆ?

ಸೋಲಾರ್ ಹಾಕ್ಸಿ ಅನ್ನೋದು ನಿಮ್ಮ ಏಳನೇ ಸೂತ್ರ. ಒಳ್ಳೇದೇ. ಸೂರ್ಯಘರ್ ಯೋಜನೇಲಿ 3 ಕಿಲೋವ್ಯಾಟಿಗೆ 78 ಸಾವಿರ ಸಬ್ಸಿಡಿ ಇದೆ, ನನ್ನ ಕಡೆಯಿಂದ ನಾಲ್ಕೈದು ಮನೆಗೆ ಅರ್ಜಿ ಹಾಕಿಸಿದ್ದೀನಿ. ಸೋಲಾರ್ ವಾಟರ್ ಹೀಟರ್ ಇದ್ರೆ ಯೂನಿಟ್ಟಿಗೆ 50 ಪೈಸೆ, ತಿಂಗಳಿಗೆ 50 ರೂಪಾಯಿ ತನಕ ಬಿಲ್ಲಲ್ಲಿ ರಿಯಾಯಿತಿ ಅಂತ ನಾನೇ ವರ್ಷಗಟ್ಟಲೆ ಮಷೀನಲ್ಲಿ ಒತ್ತಿದ್ದೀನಿ. ಎಲ್ಲದಕ್ಕೂ ಮೊದಲು ಬೇಕಾಗಿರೋದು ಸ್ವಂತ ಟೆರೇಸು. ಶೀಟಿನ ಮೇಲೆ ಏನು ಕೂರಿಸ್ತೀರಿ? ಬಾಡಿಗೆಯೋನು ಓನರ್ ಟೆರೇಸಲ್ಲಿ ಬಟ್ಟೆ ಒಣಗಿಸೋಕೇ ಕೇಳ್ಬೇಕು. ಹಂಗಾಗಿ ಈ ಹಸಿರು ದುಡ್ಡೂ ಸುತ್ತಿ ಸುತ್ತಿ ಮನೆ ಇರೋರ ಮನೆಗೇ ಬರುತ್ತೆ.

ಪಾವಗಡದ ಸೋಲಾರ್ ಪಾರ್ಕ್ ನಮ್ಮ ಜಿಲ್ಲೇಲೇ ಇರೋದು, 2,050 ಮೆಗಾವ್ಯಾಟು, ಸುಮಾರು 13 ಸಾವಿರ ಎಕರೆ. ತಿರುಮಣಿ ಸುತ್ತಮುತ್ತಲ ರೈತರಿಗೆ ಎಕರೆಗೆ ವರ್ಷಕ್ಕೆ 21 ಸಾವಿರ ಗುತ್ತಿಗೆ ಅಂತ ಶುರುವಾಗಿ ಎರಡು ವರ್ಷಕ್ಕೊಮ್ಮೆ ಶೇ 5 ಏರುತ್ತೆ, ಮಳೆ ಇಲ್ಲದ ನೆಲಕ್ಕೆ ಅದು ಕೆಟ್ಟ ದುಡ್ಡಲ್ಲ. ಜಮೀನು ಇದ್ದೋರಿಗೆ ಅದು. ಆ ಹೊಲದಲ್ಲಿ ಕಡ್ಲೆಕಾಯಿ ಕೀಳೋ ಕೂಲಿಗೆ ಹೋಗ್ತಿದ್ದೋರಿಗೆ, ಕುರಿ ಮೇಯಿಸ್ತಿದ್ದೋರಿಗೆ ಯಾವ ಗುತ್ತಿಗೇನೂ ಇಲ್ಲ, ಅಂಥೋರಲ್ಲಿ ನಮ್ಮ ಕಡೆಯ ಎಷ್ಟೋ ಜನ ಬೆಂಗಳೂರಿಗೆ ಬಂದು ಗಾರೆ ಕೆಲಸ ಮಾಡ್ತಿದ್ದಾರೆ. ಅಲ್ಲಿ ಹುಟ್ಟೋ ಹಸಿರು ಕರೆಂಟು, ಇಲ್ಲಿ ಉರಿಯೋ ಎಸಿ.

ಅದನ್ನ ಹೇಳಿದಾಗ ಆ ಹೆಣ್ಮಗಳು ತನ್ನೂರಿನ ಮಾತು ತೆಗೆದ್ಲು. ಅವಳ ತವರು ಶಕ್ತಿನಗರದ ಹತ್ರ, ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡೋ ರಾಯಚೂರು ಥರ್ಮಲ್ ಇರೋ ಜಾಗ. 1985ರಲ್ಲಿ ಮೊದಲ ಘಟಕ ಶುರುವಾಗಿದ್ದು, ಈಗ 1,720 ಮೆಗಾವ್ಯಾಟು, ನಾವು ಕೆಲಸದಲ್ಲಿದ್ದಾಗ ಅಲ್ಲೊಂದು ಘಟಕ ಟ್ರಿಪ್ ಆದ್ರೆ ಬೆಂಗಳೂರಿನ ಆಫೀಸುಗಳಲ್ಲಿ ಫೋನ್ ಮೇಲೆ ಫೋನ್. "ಮನಿ ಮುಂದ ನಿಂತ್ರ ಚಿಮಣಿ ಕಾಣ್ತಿದ್ವು ರೀ ಅಣ್ಣಾರ, ಬಟ್ಟಿ ಒಣಗಾಕ್ದ್ರ ಬೂದಿ ಕೂಡೋದು, ಕರೆಂಟ್ ಮಾತ್ರ ರಾತ್ರಿ ಹೋದ್ರ ಬೆಳಿಗ್ಗಿ ಬರೋದು." ಅಷ್ಟೇ ಹೇಳಿ ಪಾತ್ರೆ ಬೋರಲು ಹಾಕಿ ಹೊರಟ್ಲು. ನನ್ನ 312 ಯೂನಿಟ್ಟಲ್ಲಿ ಒಂದಿಷ್ಟು ಆ ಬೂದಿ ಇದೆ.

ಸಂಪಾದಕರಲ್ಲಿ ನನ್ನ ಕೋರಿಕೆ ಇಷ್ಟು. ಇನ್ನೊಂದ್ಸಲ ಹಿಂಗೆ ಪಟ್ಟಿ ಹಾಕೋದಾದ್ರೆ ಒಂದೇ ಪಟ್ಟಿ ಎಲ್ಲರಿಗೂ ಹಾಕ್ಬೇಡಿ. ತಿಂಗಳಿಗೆ 300 ಯೂನಿಟ್ ದಾಟೋರಿಗೆ ಒಂದು ಹಾಕಿ, ಅದರಲ್ಲಿ ಬಲ್ಬು, ಬಟ್ಟೆ ಚೀಲ ಅಂತೆಲ್ಲಾ ಬರೀಬೇಡಿ, ವಿಮಾನ, ಎರಡನೇ ಕಾರು, ಎಸಿ, ಇವಿಷ್ಟೇ ದಪ್ಪಕ್ಷರದಲ್ಲಿ ಬರೀರಿ, ನನ್ನಂಥೋರಿಗೆ ಸ್ವಲ್ಪ ಚುರುಕ್ ಅನ್ಲಿ. 50ರ ಕೆಳಗಿರೋರಿಗೆ ಸೂತ್ರ ಬೇಡ, ಅವರಿಗೆ ಏನು ಕೊಡ್ಬೇಕು ಅಂತ ಸರ್ಕಾರಕ್ಕೆ ಸೂತ್ರ ಬರೀರಿ. ಶೀಟಿನ ಬಿಸಿ ಇಳಿಸೋ ಬಿಳಿ ಬಣ್ಣ, ಒಳ್ಳೇ ಸ್ಟಾರ್ ರೇಟಿಂಗಿನ ಸಣ್ಣ ಫ್ರಿಡ್ಜು, ನಮ್ಮಕ್ಕನಂಥೋರಿಗೆ ಇನ್ನೂ ಅಗ್ಗದ ಗ್ಯಾಸು. ದುಡ್ಡೆಲ್ಲಿಂದ ಅಂದ್ರೆ, ಕೆಇಆರ್‌ಸಿ ಪ್ರತಿ ಸಲ ದರ ಏರಿಸೋಕೆ ಮುಂಚೆ ಸಾರ್ವಜನಿಕ ವಿಚಾರಣೆ ಅಂತ ಮಾಡುತ್ತೆ, ಖಾಲಿ ಕುರ್ಚಿಗಳೇ ಜಾಸ್ತಿ ಇರ್ತವೆ, ಅಲ್ಲಿಗೆ ಹೋಗಿ 300ರ ಮೇಲಿನೋರಿಗಾದ್ರೂ ಸ್ಲ್ಯಾಬ್ ವಾಪಸ್ ತನ್ನಿ ಅಂತ ಹೇಳೋಣ. ನಾನು ಬರ್ತೀನಿ. ನನ್ನ ಬಿಲ್ಲೂ ಏರುತ್ತೆ, ಮನೇಲಿ ಬೈಸ್ಕೋತೀನಿ, ಪರ್ವಾಗಿಲ್ಲ.

ಫ್ರಿಡ್ಜ್ ಅಂದಾಗ ನೆನಪಾಯ್ತು. ಆ ಹೆಣ್ಮಗಳು ಹೋದ ವಾರ ಒಂದು ವಿಷಯ ಕೇಳಿದ್ಲು, ಅವಳು ಕೆಲಸ ಮಾಡೋ ಮನೆಯೋರು ಹಳೇ ಫ್ರಿಡ್ಜು ಎರಡು ಸಾವಿರಕ್ಕೆ ಕೊಡ್ತಾರಂತೆ, ತಗೊಂಡ್ರೆ ಬಿಲ್ ಬರುತ್ತಾ ಅಂತ. ಕೂತು ಲೆಕ್ಕ ಹಾಕಿದ್ವಿ. ಅವಳಿಗೆ ಫ್ರೀ ಇರೋದು 48 ಯೂನಿಟ್, ಈಗ ಸುಡೋದು 38. ಫ್ರಿಡ್ಜು ದಿನಕ್ಕೊಂದು ಯೂನಿಟ್ ತಿಂದ್ರೆ 68 ಆಗುತ್ತೆ, ಮೇಲಿನ ಇಪ್ಪತ್ತಕ್ಕೆ ಯೂನಿಟ್ಟಿಗೆ ಆರು ರೂಪಾಯಿ ಹಾಗೆ ನೂರಿಪ್ಪತ್ತು ರೂಪಾಯಿ. ಹಳೇದಾದ್ರೆ ಇನ್ನೂ ಜಾಸ್ತಿ ತಿನ್ನುತ್ತೆ, ಗ್ಯಾಸ್ಕೆಟ್ ಸವೆದಿದ್ರಂತೂ ಕೇಳೋದೇ ಬೇಡ. ಬೆಳಿಗ್ಗೆ ಮಾಡಿದ ಸಾರು ರಾತ್ರಿಗೆ ಹಳಸೋದು ತಪ್ಪುತ್ತೆ, ಮಕ್ಕಳಿಗೆ ಹಾಲು ಉಳಿಯುತ್ತೆ, ಬೇಸಿಗೇಲಿ ತಣ್ಣೀರು. ಕಾರ್ಬನ್ ಲೆಕ್ಕಾನೂ ಹಾಕ್ದೆ, ವರ್ಷಕ್ಕೆ 250 ಕೆಜಿ ಜಾಸ್ತಿ. ಅದನ್ನ ಅವಳಿಗೆ ಹೇಳ್ಲಿಲ್ಲ. ತಗೋಮ್ಮ, ಆದ್ರೆ ಆ ಹಳೇದು ಬೇಡ, ಐದು ಸ್ಟಾರಿನ ಸಣ್ಣದು ಕಂತಲ್ಲಿ ಸಿಗುತ್ತೆ, ಶನಿವಾರ ನಾನೇ ಅಂಗಡಿಗೆ ಬರ್ತೀನಿ ಅಂದೆ.

ಇಂತಿ ನಿಮ್ಮ ಹಳೇ ಓದುಗ,
ಒಬ್ಬ ರಿಟೈರ್ಡ್ ಮೀಟರ್ ರೀಡರ್,
ಬೆಂಗಳೂರು